ಮಲೆನಾಡಿನ ಗುಡ್ಡಗಳೂ ನಮ್ಮ ಮಕ್ಕಳ ಮೋಟಾರ್ ಸೈಕಲ್ಲುಗಳೂ

ಭಾನುವಾರ ಬೆಳಗಿನ ಜಾವ ಐದು ಗಂಟೆಯ ಸುಮಾರಿಗೆ ಮುಲುಂಡ್ ಚೆಕ್‌ನಾಕಾದ ಕಡೆಗೆ ಹಾಲಿಗೋ ಪತ್ರಿಕೆಗೋ ಹೋದವರು ಈ ದೃಶ್ಯವನ್ನು ಕಂಡೇ ಇರುತ್ತಾರೆ. ಎತ್ತರದ ಮೋಟಾರ್ ಸೈಕಲ್ಲುಗಳು ರಸ್ತೆಯ ಅಂಚಿಗೆ ಸಾಲಾಗಿ ನಿಂತಿರುತ್ತವೆ. ಮೊಣಕಾಲಿಗೆ, ಮೊಣಕೈಗೆ, ಎದೆಗೆ ಕವಚ ತೊಟ್ಟ ತರುಣರು, ಈಚೀಚೆಗೆ ತರುಣಿಯರೂ, ಚಹಾ ಹೀರುತ್ತ ಜೊತೆಗಾರರಿಗಾಗಿ ಕಾಯುತ್ತಿರುತ್ತಾರೆ. ಬೆಳಕು ಹರಿಯುವುದರೊಳಗೆ ಅವರು ಠಾಣೆಯನ್ನು ದಾಟಿ ಮಾಳಶೇಜ್ ಘಾಟಿಗೋ ಇಗತಪುರಿಗೋ ಕರ್ಜತಿಗೋ ಹೊರಟುಬಿಡುತ್ತಾರೆ. ಆ ಗುಂಪಿನ ಮಾತು ಹಿಂದಿ, ಮರಾಠಿ, ಇಂಗ್ಲಿಷುಗಳ ಕಲಸುಮೇಲೋಗರ. ಆದರೆ ಕಿವಿಗೊಟ್ಟು ನಿಂತರೆ ನಡುನಡುವೆ ತುಳುವೂ ಕನ್ನಡವೂ ಕೇಳಿಸುತ್ತವೆ. ಅವರು ನಮ್ಮ ಮಕ್ಕಳು.

ಈ ಮಕ್ಕಳ ವಿಚಾರವಾಗಿಯೇ ಈಚೆಗೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕಾವೇರಿದ ಚರ್ಚೆಯೊಂದು ನಡೆಯಿತು. ದೀಪಾವಳಿಯ ರಜೆಯಲ್ಲಿ ಹದಿನಾಲ್ಕು ಮಂದಿ ಮೋಟಾರ್ ಸೈಕಲ್ಲುಗಳಲ್ಲಿ ಚಿಕ್ಕಮಗಳೂರಿನವರೆಗೆ ಹೋಗುವುದು, ಅಲ್ಲಿ ಪ್ರವಾಸ ಏರ್ಪಡಿಸುವ ಸಂಸ್ಥೆಯೊಂದರ ನೆರವಿನಿಂದ ಎರಡು ದಿನ ಗುಡ್ಡಗಳ ಮೇಲೆ 'ಆಫ್-ರೋಡ್' ಸವಾರಿ ಮಾಡುವುದು, ರಾಜ್ಯೋತ್ಸವದ ಹೊತ್ತಿಗೆ ಸಂಘದ ಬಾವುಟದೊಂದಿಗೆ ಮುಲುಂಡಿಗೆ ಮರಳುವುದು. ಇದು ಯುವ ವಿಭಾಗದವರ ಸೂಚನೆ. ಹಿರಿಯರಲ್ಲಿ ಹೆಚ್ಚಿನವರು ವಿರೋಧಿಸಿದರು. ಅಪಘಾತವಾದರೆ ಯಾರು ಹೊಣೆ, ಸಂಘದ ಹಣ ಪೆಟ್ರೋಲಿಗೆ ಸುರಿಯುವುದು ಸರಿಯೇ, ಇದಕ್ಕೂ ಕನ್ನಡಕ್ಕೂ ಏನು ಸಂಬಂಧ, ಎಂಬಿವು ಅವರ ಆಕ್ಷೇಪಗಳು. ಪ್ರವಾಸ ಆಗಲಿ, ಆದರೆ ಗುಡ್ಡದ ಮೇಲಿನ ಸವಾರಿ ಬೇಡ ಎಂದು ನಾನು ಹೇಳಿದೆ. ಅದು ಎರಡು ಪಕ್ಷದವರಿಗೂ ಹಿಡಿಸಲಿಲ್ಲ. ಸಭೆಯಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದಿದ್ದ ಮಾತನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಹಿರಿಯರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕನ್ನಡಕ್ಕೂ ಇದಕ್ಕೂ ಸಂಬಂಧವಿಲ್ಲವೆನ್ನುವವರು ಒಂದು ಕ್ಷಣ ನೆನಪಿಸಿಕೊಳ್ಳಬೇಕು. ನಮ್ಮ ಮೂರನೆಯ ತಲೆಮಾರಿನವರು ಊರನ್ನು ಕಾಣುವುದು ಎಂದು? ಮದುವೆ, ಬೊಜ್ಜ, ನಾಗನ ಪೂಜೆ, ಕೋಲಗಳಿಗೆ ತಂದೆತಾಯಿಯರ ಒತ್ತಾಯಕ್ಕೆ ಬರುತ್ತಾರೆ; ಎರಡು ದಿನ ಸೊಳ್ಳೆ ಕಚ್ಚಿಸಿಕೊಂಡು, ನೆಂಟರ ಪ್ರಶ್ನೆಗಳಿಗೆ ಒಂದೊಂದೇ ಪದದಲ್ಲಿ ಉತ್ತರಿಸಿ, ರೈಲು ಹತ್ತುತ್ತಾರೆ. ಮಕ್ಕಳಿಗೆ ಊರಿನ ಮೋಹವಿಲ್ಲವೆಂದು ಪ್ರತಿ ವಾರ್ಷಿಕೋತ್ಸವದಲ್ಲಿಯೂ ಭಾಷಣ ಮಾಡುವವರು ನಾವು. ಈಗ ಅವರಾಗಿಯೇ, ಯಾರೂ ಕರೆಯದೆ, ಸಾವಿರ ಕಿಲೋಮೀಟರಿನಷ್ಟು ದೂರದ ಮಲೆನಾಡಿಗೆ ಹೊರಟು ನಿಂತರೆ, ಬೇಡವೆನ್ನಲು ನಮಗೆ ಬಾಯಿ ಹೇಗೆ ಬರಬೇಕು? ಹುಲ್ಲು ಹೊದ್ದ ಗುಡ್ಡ, ಕಣಿವೆಯಿಂದ ಏರಿಬರುವ ಮಂಜು, ಏಲಕ್ಕಿಯ ಕಂಪು ಇವುಗಳ ಸೆಳೆತವನ್ನು ಯಾವ ಸಂಘದ ಯಾವ ಭಾಷಣವೂ ಉಂಟುಮಾಡಲಾರದು. ಯಂತ್ರವೊಂದು ಉಂಟುಮಾಡಿದೆ. ನನ್ನ ಸಂಕಟವಿರುವುದು ಇಲ್ಲಿಯೇ. ಅವರನ್ನು ನೆಲದ ಹತ್ತಿರಕ್ಕೆ ಎಳೆದು ತರುತ್ತಿರುವ ಹಗ್ಗವೇ ಆ ನೆಲವನ್ನು ಸೀಳುತ್ತಿದೆ.

ಮೋಟಾರ್ ಸೈಕಲ್ಲು ಮಲೆನಾಡಿಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಹೊರತಂದ ಯಂತ್ರಗಳ ಮೇಲೆ, ಅದಕ್ಕೂ ಮೊದಲಿನ ಬುಲೆಟ್ಟುಗಳ ಮೇಲೆ, ಮಲೆನಾಡಿನ ಡಾಕ್ಟರು, ಮೇಷ್ಟರು, ಕಾಫಿ ತೋಟದ ರೈಟರು ಕೆಸರಿನ ಬಂಡಿದಾರಿಗಳಲ್ಲಿ ಏಳುತ್ತ ಬೀಳುತ್ತ ಓಡಾಡಿದವರೇ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಸ್ಕೂಟರನ್ನು ಅವರ ಓದುಗರೆಲ್ಲ ಬಲ್ಲರು. ಆದರೆ ಆ ಹಿರಿಯರಿಗೆ ದಾರಿ ಕೆಟ್ಟದ್ದಾಗಿದ್ದುದು ಒಂದು ಸಂಕಟ. ಇಂದಿನವರಿಗೆ ದಾರಿ ಕೆಟ್ಟದ್ದಾಗಿರುವುದೇ ಹಣ ಕೊಟ್ಟು ಕೊಳ್ಳುವ ಸರಕು. 2016ರಲ್ಲಿ ರಾಯಲ್ ಎನ್‌ಫೀಲ್ಡ್‌ನವರ ಹಿಮಾಲಯನ್, 2019ರಲ್ಲಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ ಬಂದ ಮೇಲೆ ಈ ಸರಕು ಮಧ್ಯಮವರ್ಗದವರ ಕೈಗೆ ಎಟುಕಿತು. ಅದಕ್ಕೆ ಮೊದಲೇ ಸಿನಿಮಾ ನಮ್ಮ ಗುಡ್ಡಗಳ ವಿಳಾಸವನ್ನು ನಾಡಿಗೆಲ್ಲ ಹಂಚಿಬಿಟ್ಟಿತ್ತು. 2008ರ 'ಗಾಳಿಪಟ' ಚಿತ್ರ ಬಂದ ಮೇಲೆ ಕೊಡಗಿನ ಮಾಂದಲಪಟ್ಟಿಗೆ 'ಮುಗಿಲುಪೇಟೆ' ಎಂಬ ಹೆಸರೇ ಅಂಟಿಕೊಂಡಿತು, ಜೀಪುಗಳ ಸಾಲು ಬೆಳೆಯಿತು. ನಮ್ಮ ನೆಲದ ಚೆಲುವನ್ನು ಲೋಕ ನೋಡಿತೆಂದು ಆಗ ನಾವು ಹಿಗ್ಗಿದ್ದೆವು. ಬೆಲೆ ತೆತ್ತವರು ಬೇರೆಯವರಾದ್ದರಿಂದ ಹಿಗ್ಗುವುದು ಸುಲಭವಾಗಿತ್ತು.

ಹುಲ್ಲಿನ ಗುಡ್ಡದ ಮೇಲೆ ಚಕ್ರ ಹರಿದರೆ ಆಗುವುದಾದರೂ ಏನು ಎಂದು ಯುವಕರೊಬ್ಬರು ಸಭೆಯಲ್ಲಿ ಕೇಳಿದರು. ಹುಲ್ಲು ಮತ್ತೆ ಬೆಳೆಯುವುದಿಲ್ಲವೇ? ಪ್ರಾಮಾಣಿಕವಾದ ಪ್ರಶ್ನೆ. ಉತ್ತರಕ್ಕೆ ಘಟ್ಟದ ರಚನೆಯನ್ನು ಸ್ವಲ್ಪ ನೋಡಬೇಕು. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಕುದುರೆಮುಖ ಶ್ರೇಣಿಗಳ ಮೇಲ್ಭಾಗದಲ್ಲಿ ಇಳಿಜಾರೆಲ್ಲ ಹುಲ್ಲು. ಗಾಳಿಯ ಹೊಡೆತ ತಪ್ಪಿದ ಮಡಿಲುಗಳಲ್ಲಿ ಮಾತ್ರ ಕುಳ್ಳಗಿನ, ದಟ್ಟವಾದ ಶೋಲಾ ಕಾಡು. ಹುಲ್ಲನ್ನು ನೋಡಿ ಇದು ಬೋಳುಗುಡ್ಡ, ಹಾಳು ಬಿದ್ದ ಜಾಗ ಎಂದುಕೊಳ್ಳುವುದು ಬಯಲಿನವರ ತಪ್ಪು ಎಣಿಕೆ. ಬ್ರಿಟಿಷರ ಅರಣ್ಯ ಇಲಾಖೆಯೂ ಹಾಗೆಯೇ ಎಣಿಸಿತ್ತು. ವಾಸ್ತವದಲ್ಲಿ ಆ ಹುಲ್ಲಿನ ಬೇರಿನ ಹೆಣಿಗೆ ನಾಲ್ಕು ತಿಂಗಳ ಮಳೆಯನ್ನು ಹಿಡಿದು, ಮಣ್ಣಿಗೆ ಇಳಿಸಿ, ಶೋಲಾದ ಬುಡದಿಂದ ಬೇಸಿಗೆಯವರೆಗೆ ಒಸರಿಸುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. ಮಂಗಳೂರಿನ ಮನೆಯ ನಲ್ಲಿಯಲ್ಲಿ ಬರುವ ನೀರಿನ ಮೂಲವೂ ಈ ಹುಲ್ಲೇ.

ಆಫ್-ರೋಡ್ ಸವಾರಿಯ ಟಯರಿಗೆ ಆಳವಾದ ಹಲ್ಲುಗಳಿರುತ್ತವೆ. ಏರಿನಲ್ಲಿ ಹಿಂದಿನ ಚಕ್ರ ಜಾರಿದಾಗ ಈ ಹಲ್ಲುಗಳು ಹುಲ್ಲನ್ನು ಬೇರುಸಹಿತ ಕಿತ್ತೆಸೆಯುತ್ತವೆ. ಕೆಳಗಿನ ಮಣ್ಣನ್ನು ಭಾರ ಅದುಮಿ ಗಟ್ಟಿ ಮಾಡುತ್ತದೆ. ಗಟ್ಟಿಯಾದ ಮಣ್ಣಿಗೆ ನೀರು ಇಳಿಯದು, ಬೀಜ ಕಚ್ಚದು. ಮುಂದಿನ ಮಳೆಗಾಲದಲ್ಲಿ ನೀರು ಆ ಜಾಡನ್ನೇ ಕಾಲುವೆಯಾಗಿ ಮಾಡಿಕೊಂಡು ನೇರವಾಗಿ ಕೆಳಗೆ ಓಡುತ್ತದೆ. ಎರಡನೆಯ ಮಳೆಗಾಲಕ್ಕೆ ಜಾಡು ಕೊರಕಲಾಗುತ್ತದೆ. ಕೊರಕಲಿನಲ್ಲಿ ಓಡಿಸಲಾಗದ ಸವಾರ ಪಕ್ಕಕ್ಕೆ ಹೊಸ ಜಾಡು ಮಾಡುತ್ತಾನೆ. ಹೀಗೆ ಒಂದು ಎರಡಾಗಿ, ಎರಡು ಐದಾಗಿ, ದೂರದಿಂದ ನೋಡಿದರೆ ಗುಡ್ಡದ ಬೆನ್ನಿನ ಮೇಲೆ ಬಾಸುಂಡೆ ಎದ್ದಂತೆ ಕಾಣುತ್ತದೆ. ಹುಲ್ಲಿನ ನಡುವೆ ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳಿವೆ, ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಕುರಿಂಜಿಯ ಪೊದೆಗಳಿವೆ; ಅವುಗಳ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ ಗಾಯ ಇನ್ನೂ ನಿಧಾನವಾಗಿ ಮಾಗುತ್ತದೆ. ಅಲ್ಲಿ ಕಲ್ಲಿನ ಮೇಲಿರುವುದು ಕೆಲವೇ ಅಂಗುಲದ ಮಣ್ಣು. ಮಳೆಗಾಲದಲ್ಲಿ ಮಾತ್ರ ತಲೆಯೆತ್ತುವ ನೂರಾರು ಬಗೆಯ ಪುಟ್ಟ ಗಿಡಗಳಿಗೆ ಅಷ್ಟೇ ಆಸರೆ.

ಇನ್ನು ಕಾನೂನು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಮಟ್ಟಿಗೆ ಗೊಂದಲವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಒಳಹೋಗುವುದೇ ಅಪರಾಧ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯಿದೆಯಿದೆ. ಗೊಂದಲವಿರುವುದು ಇವೆರಡರ ಆಚೆಗಿನ ನೆಲದಲ್ಲಿ: ಗೋಮಾಳ, ಕಂದಾಯ ಇಲಾಖೆಯ ಗುಡ್ಡ, ಬಾಣೆ, ಸೊಪ್ಪಿನ ಬೆಟ್ಟ, ಕುಮ್ಕಿ. ಆಫ್-ರೋಡ್ ಸವಾರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ಮೋಟಾರು ವಾಹನ ಕಾಯಿದೆ ಸವಾರನ ಪರವಾನಗಿಯನ್ನು ಕೇಳುತ್ತದೆ, ಹೆಲ್ಮೆಟನ್ನು ಕೇಳುತ್ತದೆ. ಚಕ್ರದ ಕೆಳಗಿನ ನೆಲ ಹುಲ್ಲೋ ಡಾಂಬರೋ ಎಂದು ಕೇಳುವುದಿಲ್ಲ. ಪ್ರವಾಸ ಏರ್ಪಡಿಸುವವರು ಈ ಸಂದಿಯಲ್ಲಿಯೇ ಜೀವಿಸುತ್ತಾರೆ. ನಮ್ಮ ಯುವಕರಿಗೆ ಬಂದ ಕರಪತ್ರದಲ್ಲಿ 'ಯಾರೂ ತುಳಿಯದ ಜಾಡು' ಎಂದು ಬಣ್ಣಿಸಲಾಗಿತ್ತು. ಆ ಗುಡ್ಡ ಯಾವ ಇಲಾಖೆಯದು, ಯಾವ ಗ್ರಾಮದ್ದು, ಯಾರು ಒಪ್ಪಿಗೆ ಕೊಟ್ಟಿದ್ದಾರೆ ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಯಾರೂ ತುಳಿಯದ ಜಾಡು ಮಲೆನಾಡಿನಲ್ಲಿ ಎಲ್ಲಿದೆ? ನಮ್ಮ ಹಳ್ಳಿಯ ಭಾಷೆಯಲ್ಲಿ ದಾರಿಗೆ ಹೆಸರಿಡುವಾಗಲೇ ಅದು ಯಾರ ದಾರಿಯೆಂಬುದೂ ತೀರ್ಮಾನವಾಗುತ್ತಿತ್ತು. ಕಾಲುದಾರಿಯೆಂದರೆ ಕಾಲಿನದು, ಬಂಡಿದಾರಿ ಬಂಡಿಯದು, ದನದ ಓಣಿ ದನದ್ದು. ನೆಲಕ್ಕೂ ಹಾಗೆಯೇ. ದಕ್ಷಿಣ ಕನ್ನಡದ ಕುಮ್ಕಿಯನ್ನು ತೆಗೆದುಕೊಳ್ಳಿ. ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ನೆಲದಲ್ಲಿ ಕೃಷಿಕ ಸೊಪ್ಪು ತರಬಹುದು, ಹುಲ್ಲು ಕೊಯ್ಯಬಹುದು, ದನ ಮೇಯಿಸಬಹುದು. ನೆಲ ಮಾತ್ರ ಅವನದಲ್ಲ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಅಂಟಿದ ಸೊಪ್ಪಿನ ಬೆಟ್ಟ, ಕೊಡಗಿನಲ್ಲಿ ಗದ್ದೆಗೆ ಅಂಟಿದ ಬಾಣೆ, ಸೊರಬದ ಕಡೆಯ ಕಾನು, ಇವೆಲ್ಲ ಇಂಥವೇ ಏರ್ಪಾಡುಗಳು. ಇವುಗಳಲ್ಲಿ ದುರುಪಯೋಗ ಆಗಿಲ್ಲವೆಂದು ನಾನು ಹೇಳುತ್ತಿಲ್ಲ; ಕುಮ್ಕಿಯ ಹೆಸರಿನಲ್ಲಿ ರಬ್ಬರ್ ನೆಟ್ಟವರನ್ನು ನಾವೆಲ್ಲ ಬಲ್ಲೆವು, ಕೆಲವರು ನಮ್ಮ ನೆಂಟರೇ. ಆದರೂ ಇವುಗಳ ಹಿಂದೆ ಒಂದು ತಿಳಿವಳಿಕೆಯಿತ್ತು. ಬಳಸುವ ಹಕ್ಕಿಗೆ ಒಂದು ಮಿತಿ, ಮಿತಿಗೆ ಒಬ್ಬ ಕಾವಲಿನವ, ಮತ್ತು ಆ ಕಾವಲಿನವ ಅದೇ ನೆಲದ ನೀರು ಕುಡಿಯುವವ. ಆಫ್-ರೋಡ್ ಸವಾರನಿಗೆ ಈ ಲೆಕ್ಕದಲ್ಲಿ ಎಲ್ಲಿಯೂ ಜಾಗವಿಲ್ಲ. ಅವನು ಬಳಸುತ್ತಾನೆ, ಹೋಗುತ್ತಾನೆ. ಕೊರಕಲು ಊರಿನವರ ಪಾಲಿಗೆ ಉಳಿಯುತ್ತದೆ.

ಹಾಗಾದರೆ ಎಲ್ಲವನ್ನೂ ನಿಷೇಧಿಸಿಬಿಡೋಣವೇ? ಸಮಿತಿಯ ಹಿರಿಯರಿಗೆ ಇದು ಪ್ರಿಯವಾದ ಪರಿಹಾರ; ಸರಕಾರಕ್ಕೂ ಪ್ರಿಯ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರ ಜಾತ್ರೆ ನೆರೆದಾಗ ರಾಜ್ಯದ ಅರಣ್ಯ ಇಲಾಖೆ ಚಾರಣಗಳನ್ನು ತಡೆಯಿತು. ಅನಂತರ ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಮುಂಗಡ ನೋಂದಣಿಯ ಏರ್ಪಾಡು ಬಂತು, ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿ ಬಂತು. ನಡೆಯುವವನ ತಲೆ ಎಣಿಸುವ ಈ ಕ್ರಮವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ವಿಪರ್ಯಾಸವನ್ನು ಗಮನಿಸಬೇಕು. ಚಪ್ಪಲಿ ಮೆಟ್ಟಿ ನಡೆದು ಹೋಗುವವನಿಗೆ ನೋಂದಣಿ, ಶುಲ್ಕ, ಮಿತಿ ಎಲ್ಲವೂ ಇವೆ. ಪಕ್ಕದ ಕಂದಾಯ ಗುಡ್ಡವನ್ನು ಹಲ್ಲಿನ ಚಕ್ರದಿಂದ ಉಳುವವನನ್ನು ಕೇಳುವವರಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪಕ್ಕೂ ಉತ್ತರ ಹೇಳಬೇಕು. ಸಭೆಯಲ್ಲಿ ಅದನ್ನು ಎತ್ತಿದ ಹುಡುಗ ನಮ್ಮ ಯುವ ವಿಭಾಗದಲ್ಲಿ ಹೆಚ್ಚು ಓದಿಕೊಂಡವನು. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ದಶಕಗಳ ಕಾಲ ಗುಡ್ಡವನ್ನೇ ಅಗೆದು ಅದಿರು ಸಾಗಿಸಿದರು. ಸಕಲೇಶಪುರದ ಕಾಡು ಸೀಳಿ ಎತ್ತಿನಹೊಳೆಯ ಕೊಳವೆಗಳನ್ನು ಹೂತರು. ನಮ್ಮ ಮುಲುಂಡಿನ ಬೆನ್ನಿಗಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಗೋರೆಗಾಂವಿಗೆ ಜೋಡಿ ಸುರಂಗ ಕೊರೆಯುವ ಯೋಜನೆಗೆ 2024ರಲ್ಲಿ ಶಂಕುಸ್ಥಾಪನೆಯಾಯಿತು. ಇಷ್ಟೆಲ್ಲ ಮಾಡಿದವರು ಹದಿನಾಲ್ಕು ಬೈಕುಗಳಿಗೆ ಪರಿಸರದ ಪಾಠ ಹೇಳುವುದೇ, ಎಂದು ಅವನು ಕೇಳಿದ. ಅವನ ಸಿಟ್ಟು ನ್ಯಾಯವಾದದ್ದು. ದೊಡ್ಡವರ ದೊಡ್ಡ ಅಪರಾಧಗಳ ಮುಂದೆ ಇದು ಗೀರು ಮಾತ್ರ. ಆದರೆ ಕುದುರೆಮುಖದ ಗಣಿಯನ್ನು ನಿಲ್ಲಿಸಿದ್ದು ಯಾರು? ಆ ನದಿಗಳ ದಂಡೆಯ ಜನ, ಅವರ ಜೊತೆ ನಿಂತ ಪರಿಸರವಾದಿಗಳು, ಕೊನೆಗೆ ಸರ್ವೋಚ್ಚ ನ್ಯಾಯಾಲಯ. ಹುಲ್ಲುಗಾವಲಿಗೆ ಬೆಲೆಯಿದೆಯೆಂಬ ವಾದವನ್ನು ಅವರು ಗೆದ್ದುಕೊಟ್ಟರು. ಅದೇ ಹುಲ್ಲಿಗೆ ಬೆಲೆಯಿಲ್ಲವೆಂಬಂತೆ ನಾವು ಚಕ್ರ ಹರಿಸಿದರೆ, ನಾಳೆ ಇನ್ನೊಬ್ಬ ಗುತ್ತಿಗೆದಾರ ಬಂದು ಇದು ಹೇಗಿದ್ದರೂ ಹಾಳಾದ ಗುಡ್ಡ ಎಂದಾಗ ನಮ್ಮ ಬಳಿ ಉತ್ತರವಿರುವುದಿಲ್ಲ. ಮಲೆನಾಡಿನವರಿಗೆ ಈ ತರ್ಕ ಹೊಸದಲ್ಲ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಮರವನ್ನು ಅಪ್ಪಿ ನಿಂತವರು ಮೊದಲು ನಿಲ್ಲಿಸಿದ್ದು ತಮ್ಮ ಊರಿನ ಕಾಡಿಗೆ ಬಿದ್ದ ಕೊಡಲಿಯನ್ನು. ನಾಡಿನ ಇತರ ಕಡೆ ಬೀಳುವ ಕೊಡಲಿಗಳೆಲ್ಲ ನಿಲ್ಲಲಿ ಎಂದು ಅವರು ಕಾಯುತ್ತ ಕೂರಲಿಲ್ಲ.

ಬೇರೆ ದೇಶಗಳು ಈ ಸಮಸ್ಯೆಯನ್ನು ನಮಗಿಂತ ಅರ್ಧ ಶತಮಾನ ಮೊದಲೇ ಎದುರಿಸಿವೆ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಬಾರ್‌ಸ್ಟೋದಿಂದ ಲಾಸ್ ವೇಗಸ್‌ವರೆಗೆ ಮೋಟಾರ್ ಸೈಕಲ್ಲುಗಳ ಓಟವೊಂದು ನಡೆಯುತ್ತಿತ್ತು. 1974ರಲ್ಲಿ ಸುಮಾರು 3,000 ಸವಾರರು ಒಮ್ಮೆಗೇ ಹೊರಟರು. ಮರುಭೂಮಿಯ ನೆಲಕ್ಕೆ ಆದ ಹಾನಿಯನ್ನು ಕಂಡು ಅಲ್ಲಿನ ಭೂನಿರ್ವಹಣಾ ಇಲಾಖೆ ಮುಂದೆ ಹಲವು ವರ್ಷ ಅನುಮತಿ ಕೊಡಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು ಅಧ್ಯಕ್ಷ ನಿಕ್ಸನ್ನರು ಒಂದು ಆದೇಶ ಹೊರಡಿಸಿ, ಸಾರ್ವಜನಿಕ ನೆಲದಲ್ಲಿ ಇಂಥ ವಾಹನಗಳಿಗೆ ಎಲ್ಲಿ ಅವಕಾಶ, ಎಲ್ಲಿ ಇಲ್ಲ ಎಂಬುದನ್ನು ಗುರುತಿಸಬೇಕೆಂದು ಇಲಾಖೆಗಳಿಗೆ ವಿಧಿಸಿದ್ದರು. ನಿಕ್ಸನ್ನರನ್ನು ಪರಿಸರವಾದಿಯೆಂದು ಯಾರೂ ಕರೆಯಲಾರರು. ಆದರೂ ಅವರಿಗೆ ಅದು ತಪ್ಪಲಿಲ್ಲ. 2005ರಲ್ಲಿ ಅಲ್ಲಿನ ಅರಣ್ಯ ಸೇವೆ ತನ್ನ ನೆಲಕ್ಕೆಲ್ಲ ಹೊಸ ನಿಯಮ ಮಾಡಿ ಲೆಕ್ಕವನ್ನು ತಿರುಗಿಸಿತು. 'ಮುಚ್ಚಿದೆ' ಎಂಬ ಫಲಕವಿಲ್ಲದ ದಾರಿಗಳೆಲ್ಲ ಅದುವರೆಗೆ ತೆರೆದವೆಂದೇ ಬಳಕೆಯಾಗುತ್ತಿದ್ದವು. ಹೊಸ ನಿಯಮದಂತೆ ನಕ್ಷೆಯಲ್ಲಿ ತೆರೆದಿದೆಯೆಂದು ಗುರುತಿಸದ ದಾರಿಯೆಲ್ಲ ಮುಚ್ಚಿದ ದಾರಿ. ಇಂಗ್ಲೆಂಡಿನಲ್ಲಿಯೂ 2006ರ ಕಾಯಿದೆಯೊಂದು ಹಳೆಯ ಗಾಡಿದಾರಿಗಳ ಮೇಲೆ ಮೋಟಾರು ವಾಹನಗಳಿಗೆ ಇದ್ದವೆನ್ನಲಾದ, ದಾಖಲೆಯಿಲ್ಲದ ಹಕ್ಕುಗಳಲ್ಲಿ ಹೆಚ್ಚಿನವನ್ನು ಕೊನೆಗೊಳಿಸಿತು. ಗಾಡಿದಾರಿಯೆಂದರೆ ಕುದುರೆಗಾಡಿಯದು ತಾನೆ!

ದೂರದ ಉದಾಹರಣೆ ಬೇಡವೆನ್ನುವವರು ಸೆಂಟ್ರಲ್ ರೈಲ್ವೆಯಲ್ಲಿ ಮುಲುಂಡಿನಿಂದ ನೇರಳದವರೆಗೆ ಹೋಗಿ, ಮಾಥೇರಾನ್ ಗುಡ್ಡ ಏರಿ ಬರಲಿ. ಅಲ್ಲಿ ಮೋಟಾರು ವಾಹನಗಳಿಗೆ ಎಂದೂ ಪ್ರವೇಶವಿರಲಿಲ್ಲ. 2003ರಲ್ಲಿ ಕೇಂದ್ರ ಸರಕಾರ ಅದನ್ನು ಪರಿಸರಸೂಕ್ಷ್ಮ ವಲಯವೆಂದು ಸಾರಿತು. ವಾಹನವಿಲ್ಲವೆಂದು ಮಾಥೇರಾನಿಗೆ ಪ್ರವಾಸಿಗರು ಕಡಿಮೆಯಾಗಿಲ್ಲ. ದಸ್ತೂರಿ ನಾಕಾದಲ್ಲಿ ಕಾರು ಬಿಟ್ಟು ಕೆಮ್ಮಣ್ಣಿನಲ್ಲಿ ನಡೆಯುವುದಕ್ಕೇ ಜನ ಬರುತ್ತಾರೆ. ಅದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ವಾಹನವಿಲ್ಲದ ಊರಿನ ಭಾರವನ್ನು ಅಲ್ಲಿ ಮನುಷ್ಯರು ಕೈಗಾಡಿಗಳಲ್ಲಿ ಎಳೆದರು; ಸ್ವಾತಂತ್ರ್ಯ ಬಂದು ಎಪ್ಪತ್ತೆಂಟು ವರ್ಷವಾದ ಮೇಲೆ, 2025ರಲ್ಲಿ, ಸರ್ವೋಚ್ಚ ನ್ಯಾಯಾಲಯ ಆ ಪದ್ಧತಿಯನ್ನು ಕೊನೆಗೊಳಿಸುವಂತೆ ಹೇಳಬೇಕಾಯಿತು. ನಿಷೇಧ ಹಾಕುವವರು ಅದರ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆಂಬುದನ್ನು ನೋಡುವುದಿಲ್ಲ ಎಂಬುದಕ್ಕೂ ಮಾಥೇರಾನೇ ಸಾಕ್ಷಿ. ಸಾತಾರೆಯ ಕಾಸ್ ಪ್ರಸ್ಥಭೂಮಿಯ ಅನುಭವ ನಮಗೆ ಇನ್ನೂ ಹತ್ತಿರದ್ದು. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಅದೂ ಒಂದು. ಹೂವಿನ ಕಾಲದಲ್ಲಿ ಅಲ್ಲಿಗೆ ಹೋಗುವವರು ಮುಂಗಡವಾಗಿ ಹೆಸರು ನೋಂದಾಯಿಸಿ, ಶುಲ್ಕ ಕಟ್ಟಿ, ವಾಹನವನ್ನು ದೂರದಲ್ಲಿ ಬಿಡಬೇಕು. ಸುತ್ತಲಿನ ಹಳ್ಳಿಗಳ ಅರಣ್ಯ ಸಮಿತಿಗಳೇ ಕಾವಲಿಗೆ ನಿಲ್ಲುತ್ತವೆ, ಮಾರ್ಗದರ್ಶಿಗಳೂ ಆ ಹಳ್ಳಿಗಳವರೇ. ಆ ಪ್ರಸ್ಥಭೂಮಿಯೂ ನಮ್ಮ ಪದವಿನಂತೆ ಮುರಕಲ್ಲಿನದೇ.

ಕೊಲ್ಲೂರಿಗೆ ಹೋದವರಿಗೆಲ್ಲ ಕೊಡಚಾದ್ರಿಯ ಜೀಪುಗಳು ಗೊತ್ತು. ಪಕ್ಕೆಲುಬು ಎಣಿಸುವಂತೆ ಕುಲುಕುವ ಆ ದಾರಿಯೂ ಆಫ್-ರೋಡೇ ಅಲ್ಲವೇ, ಅದನ್ನೂ ನಿಲ್ಲಿಸಬೇಕೇ ಎಂದು ಕೇಳಬಹುದು. ನಿಲ್ಲಿಸಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಆ ಜೀಪುಗಳು ಓಡುವುದು ಒಂದೇ ಜಾಡಿನಲ್ಲಿ. ಚಾಲಕರು ಸುತ್ತಲ ಊರಿನವರು. ಅವರ ಮನೆಯ ಒಲೆ ಉರಿಯುವುದು ಆ ಜಾಡು ಉಳಿದರೆ ಮಾತ್ರ. ಹತ್ತು ಮಂದಿ ಒಂದು ಜೀಪಿನಲ್ಲಿ ಒಂದೇ ದಾರಿಯಲ್ಲಿ ಏರುವುದಕ್ಕೂ, ಹತ್ತು ಮಂದಿ ಹತ್ತು ಬೈಕುಗಳಲ್ಲಿ ಇಡೀ ಇಳಿಜಾರಿನ ಮೇಲೆ ತಮತಮಗೆ ತೋಚಿದಂತೆ ಏರುವುದಕ್ಕೂ ಅಜಗಜಾಂತರವಿದೆ. ಜೀಪಿನವರಲ್ಲಿ ದರದ ಸುಲಿಗೆ, ಜನರನ್ನು ತುರುಕುವುದು ಇಲ್ಲವೆಂದಲ್ಲ. ಅದನ್ನು ಕೇಳಲು ಒಂದು ಠಾಣೆ, ಒಂದು ತನಿಖಾ ಚೌಕಿ, ಒಂದು ಗ್ರಾಮ ಇವೆ ಎಂಬುದಷ್ಟೇ ನನ್ನ ಮಾತು.

ಹಾಗಿದ್ದರೆ ಸವಾರಿಯ ಹುಮ್ಮಸ್ಸನ್ನು ಏನು ಮಾಡುವುದು? ಅದನ್ನು ಹೀಗಳೆಯುವುದು ನನಗೆ ಇಷ್ಟವಿಲ್ಲ. ಲೋಕದಲ್ಲಿಯೇ ಅತಿ ಕಠಿಣವೆನಿಸಿದ ಡಾಕರ್ ರ‍್ಯಾಲಿಯನ್ನು ಮೋಟಾರ್ ಸೈಕಲ್ಲಿನಲ್ಲಿ 2015ರಲ್ಲಿ ಪೂರೈಸಿದ ಮೊದಲ ಭಾರತೀಯ ಬೆಂಗಳೂರಿನ ಸಿ. ಎಸ್. ಸಂತೋಷ್. 2019ರಲ್ಲಿ ಅದನ್ನು ಪೂರೈಸಿದ ಕೆ. ಪಿ. ಅರವಿಂದ್ ನಮ್ಮ ಉಡುಪಿಯವರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಗೆದ್ದರು. ಕ್ರಿಕೆಟಿಗನೊಬ್ಬ ಶತಕ ಹೊಡೆದರೆ ಸಿಹಿ ಹಂಚುವ ನಮ್ಮ ಸಂಘಗಳು ಈ ಮೂವರಲ್ಲಿ ಒಬ್ಬರನ್ನಾದರೂ ಕರೆದು ಶಾಲು ಹೊದಿಸಿದ್ದು ನನಗೆ ನೆನಪಿಲ್ಲ. ಸಂತೋಷ್ ಕೋಲಾರದ ಬಳಿ ಮಣ್ಣಿನ ಓಡುದಾರಿಗಳ ಒಂದು ತಾಣವನ್ನೇ ಕಟ್ಟಿ, ಹೊಸಬರಿಗೆ ಈ ವಿದ್ಯೆಯನ್ನು ಕಲಿಸುವ ಏರ್ಪಾಡು ಮಾಡಿದರು. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಗಳಲ್ಲಿ ಮಾಲೀಕರ ಒಪ್ಪಿಗೆಯ ಮೇಲೆ ಅಂತರರಾಷ್ಟ್ರೀಯ ಕಾರು ರ‍್ಯಾಲಿಗಳೂ ನಡೆದಿವೆ. ತೋಟದ ದಾರಿ ಹಾಳಾದರೆ ತೋಟದವನು ಅದನ್ನು ಸರಿಪಡಿಸುತ್ತಾನೆ, ಖರ್ಚು ವಸೂಲು ಮಾಡುತ್ತಾನೆ. ಕಲ್ಲು ತೆಗೆದು ಕೈಬಿಟ್ಟ ಕ್ವಾರಿಗಳು ಪ್ರತಿ ತಾಲೂಕಿನಲ್ಲಿವೆ. ಮೊದಲೇ ಗಾಯಗೊಂಡ ಆ ನೆಲದಲ್ಲಿ ಚಕ್ರ ಹರಿದರೆ ಹೊಸ ನಷ್ಟ ಹೆಚ್ಚಿಲ್ಲ.

ಕರ್ನಾಟಕ ಸರಕಾರದ ಮುಂದೆ ಹೊರನಾಡ ಸಂಘಗಳು ಇಡಬೇಕಾದ ಬೇಡಿಕೆ ನನ್ನ ಮಟ್ಟಿಗೆ ಸ್ಪಷ್ಟವಾಗಿದೆ. ಘಟ್ಟದ ತಾಲೂಕುಗಳಲ್ಲಿ ಅರಣ್ಯವಿರಲಿ, ಕಂದಾಯ ನೆಲವಿರಲಿ, ತೆರೆದಿದೆಯೆಂದು ಬರೆದು ಸಾರದ ಗುಡ್ಡದ ದಾರಿಯೆಲ್ಲ ಮೋಜಿನ ಸವಾರಿಗೆ ಮುಚ್ಚಿದ ದಾರಿಯಾಗಬೇಕು. ಯಾವುದನ್ನು ತೆರೆಯುವುದೆಂಬುದನ್ನು ಬೆಂಗಳೂರಿನ ಪ್ರವಾಸೋದ್ಯಮ ಇಲಾಖೆ ನಕ್ಷೆ ಹರಡಿಕೊಂಡು ತೀರ್ಮಾನಿಸುವುದಲ್ಲ, ಗ್ರಾಮಸಭೆ ತೀರ್ಮಾನಿಸಬೇಕು. 2006ರ ಅರಣ್ಯ ಹಕ್ಕು ಕಾಯಿದೆ ತನ್ನ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಘಟ್ಟದ ಯೋಜನೆ ಗ್ರಾಮದಿಂದಲೇ ಮೇಲೇರಬೇಕೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿಯೇ ಹೇಳಿತ್ತು. ಆ ವರದಿಯನ್ನು ಓದದೆ ಬೈದವರಲ್ಲಿ ಊರಿನಲ್ಲಿ ತೋಟವಿರುವ ಮುಂಬಯಿಯ ಕನ್ನಡಿಗರೂ ಇದ್ದರು. ತೆರೆದ ದಾರಿಗೆ ಶುಲ್ಕವಿರಬೇಕು, ಅದು ಗ್ರಾಮಕ್ಕೇ ಸಲ್ಲಬೇಕು. ಮಳೆಗಾಲವಿಡೀ ಮುಚ್ಚಿರಬೇಕು, ಏಕೆಂದರೆ ಒದ್ದೆ ನೆಲದ ಒಂದು ದಿನದ ಸವಾರಿ ಒಣ ನೆಲದ ಎಷ್ಟೋ ದಿನಗಳ ಸವಾರಿಗಿಂತ ಹೆಚ್ಚು ಕೊರೆಯುತ್ತದೆ. ಸೈಲೆನ್ಸರ್ ಬದಲಿಸಿ ಗರ್ಜಿಸುವ ಬೈಕುಗಳನ್ನಂತೂ ಬುಡದಲ್ಲಿಯೇ ತಡೆಯಬೇಕು. ಅದಕ್ಕೆ ಹೊಸ ಕಾನೂನೇನೂ ಬೇಡ.

ಇದರಲ್ಲಿ ನಮ್ಮ ಪಾಲೂ ಇದೆ. ಊರಿನಲ್ಲಿ ಹಿರಿಯರ ಗುಡ್ಡವನ್ನು ಹೋಮ್‌ಸ್ಟೇಯವರಿಗೆ ವರ್ಷದ ಗುತ್ತಿಗೆಗೆ ಕೊಟ್ಟು, ಬಾಡಿಗೆ ಬ್ಯಾಂಕಿಗೆ ಬಂದಿತೋ ಇಲ್ಲವೋ ಎಂಬುದನ್ನು ಮಾತ್ರ ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ಆ ಗುಡ್ಡದ ಮೇಲೆ ಏನು ಓಡುತ್ತಿದೆಯೆಂದು ಒಮ್ಮೆ ದೂರವಾಣಿಯಲ್ಲಿ ಕೇಳಲು ಖರ್ಚಿಲ್ಲ. ಮುಲುಂಡಿನಲ್ಲಿ ನಾವು ಎಷ್ಟು ಸಭ್ಯರು! ಇಲ್ಲಿನ ಪಶ್ಚಿಮದ ಗುಡ್ಡದಲ್ಲಿ ಚಿರತೆಯಿದೆ, ಗೋಡೆಯಿದೆ, ಕಾವಲಿನವನಿದ್ದಾನೆ. ರಾಷ್ಟ್ರೀಯ ಉದ್ಯಾನದೊಳಗೆ ಬೈಕು ನುಗ್ಗಿಸುವ ಯೋಚನೆ ನಮ್ಮ ಯಾವ ಹುಡುಗನಿಗೂ ಬಂದಿಲ್ಲ. ಕಾವಲಿನವನಿಲ್ಲದ ತವರಿನ ಗುಡ್ಡಕ್ಕೆ ಹೋದಾಗ ಮಾತ್ರ ಅದು ಯಾರೂ ತುಳಿಯದ ಜಾಡಾಗಿಬಿಡುತ್ತದೆ.

ಸಮಿತಿಯ ಮುಂದಿನ ಸಭೆಯಲ್ಲಿ ಈ ಸೂಚನೆ ಮತ್ತೆ ಬರಲಿದೆ. ಹದಿನಾಲ್ಕು ಮಂದಿಯೂ ಹೋಗಲಿ, ಸಂಘದ ಬಾವುಟವನ್ನೂ ಒಯ್ಯಲಿ ಎಂದೇ ನಾನು ಮತ ಹಾಕುತ್ತೇನೆ. ಹೆದ್ದಾರಿ, ಘಾಟಿ ರಸ್ತೆ, ಒಪ್ಪಿಗೆ ಕೊಟ್ಟ ತೋಟದ ಒಳದಾರಿ, ಇಷ್ಟರಲ್ಲಿ ಅವರ ಯಂತ್ರಗಳ ಶಕ್ತಿಗೆ ಬೇಕಾದಷ್ಟು ಪರೀಕ್ಷೆಯಿದೆ. ಗುಡ್ಡವನ್ನು ನಡೆದೇ ಹತ್ತಲಿ, ಹತ್ತಿಸಲು ಆ ಊರಿನವನೊಬ್ಬನನ್ನು ಕರೆದುಕೊಳ್ಳಲಿ. ಅವನ ಕನ್ನಡ ಇವರಿಗೆ ಅರ್ಧ ಅರ್ಥವಾದರೂ ಸಾಕು. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಹುಡುಗಿಯೊಬ್ಬಳು ನನ್ನನ್ನು ತಡೆದು, "ಅಂಕಲ್, ನಾವು ಮೇಲೆ ನಡೆದು ಹೋದರೆ ಕೆಳಗೆ ಬೈಕುಗಳನ್ನು ಯಾರು ಕಾಯುತ್ತಾರೆ?" ಎಂದು ಕೇಳಿದಳು. ಎರಡೂವರೆ ಲಕ್ಷದ ಬೈಕು, ಕಂತು ಇನ್ನೂ ತೀರಿಲ್ಲ. ನಾನು ಆ ಭಾಗದ ಒಂದು ಗ್ರಾಮ ಪಂಚಾಯಿತಿಯವರಿಗೆ ಪತ್ರ ಬರೆದಿದ್ದೇನೆ. ಬುಡದಲ್ಲಿ ಒಂದು ಜಾಗ, ಕಾಯಲು ಇಬ್ಬರು, ಬೈಕಿಗೆ ಇಷ್ಟು ಎಂದು ದರ ಹೇಳಿದರೆ ಮುಂಗಡವಾಗಿಯೇ ಕಳುಹಿಸುತ್ತೇವೆ ಎಂದು. ಉತ್ತರ ಇನ್ನೂ ಬಂದಿಲ್ಲ.